ಮಗಳಿಗೆ ಎಚ್‌ಪಿವಿ ಲಸಿಕೆ, ತಾಯಿಗೆ ಗರ್ಭಕಂಠದ ತಪಾಸಣೆ: ಉತ್ತರ ಕನ್ನಡದ ತಾಯಂದಿರಿಗೆ ಹಂತ ಹಂತದ ಮಾರ್ಗದರ್ಶಿ

“ಮಗಳಿಗೆ ಹನ್ನೊಂದು ತುಂಬಿತು, ಆ ಕ್ಯಾನ್ಸರ್ ಸೂಜಿ ಹಾಕಿಸಬೇಕೋ ಬೇಡವೋ?” ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಿಂದಲೂ ಘಟ್ಟದ ಕೆಳಗಿನ ಕಾರವಾರ, ಅಂಕೋಲಾ, ಕುಮಟಾಗಳಿಂದಲೂ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಮೂವತ್ತೈದರಿಂದ ನಲವತ್ತೈದರೊಳಗಿನ ತಾಯಂದಿರು. ಉತ್ತರಿಸುವ ಮೊದಲು ನಾನು ಅವರಿಗೆ ಒಂದು ಮರುಪ್ರಶ್ನೆ ಹಾಕುತ್ತೇನೆ: “ನಿಮ್ಮ ತಪಾಸಣೆ ಆಗಿದೆಯೇ?” ಬಹುತೇಕ ಸಲ ಉತ್ತರ ಮೌನವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಹೇಳುತ್ತಿದ್ದೇನೆ. ಮಗಳಿಗೆ ಬೇಕಾದದ್ದು ಲಸಿಕೆ, ತಾಯಿಗೆ ಬೇಕಾದದ್ದು ತಪಾಸಣೆ. ಲಸಿಕೆ ತಡೆಯುವ ಕಾಯಿಲೆ ಮಗಳನ್ನು ಕಾಡುವುದಿದ್ದರೆ ಅದು ಇಪ್ಪತ್ತು-ಮೂವತ್ತು ವರ್ಷಗಳ ನಂತರದ ಮಾತು. ತಾಯಿಯಾದರೋ ಅದೇ ಕಾಯಿಲೆಯ ವಯಸ್ಸಿನೊಳಗೆ ಈಗಾಗಲೇ ಕಾಲಿಟ್ಟಿರುತ್ತಾಳೆ. ಹೀಗಿದ್ದೂ ಮನೆಯಲ್ಲಿ ಚರ್ಚೆಯಾಗುವುದು ಮಗಳ ಸೂಜಿಯ ಬಗ್ಗೆ ಮಾತ್ರ.

ಮೊದಲು ನಾಲ್ಕು ಮಾತು ಕಾಯಿಲೆಯ ಬಗ್ಗೆ

ಗರ್ಭಕಂಠ ಎಂದರೆ ಗರ್ಭಕೋಶದ ಕೆಳತುದಿಯಲ್ಲಿ ಯೋನಿಯ ಕಡೆಗೆ ತೆರೆದುಕೊಳ್ಳುವ ಕಿರಿದಾದ ಕೊರಳು. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಕಾರಣವಾಗುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇನ್ನೂರಕ್ಕೂ ಹೆಚ್ಚು ಬಗೆಯ ಎಚ್‌ಪಿವಿಗಳಲ್ಲಿ ಅಪಾಯಕಾರಿಯಾದವು ಹನ್ನೆರಡು-ಹದಿನಾಲ್ಕು; ಅವುಗಳಲ್ಲೂ 16 ಮತ್ತು 18 ಎಂಬ ಎರಡೇ ಬಗೆಗಳು ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ 70ಕ್ಕೆ ಹೊಣೆ. ಭಾರತದಲ್ಲಿ 2022ರಲ್ಲಿ ಅಂದಾಜು 1.27 ಲಕ್ಷ ಮಹಿಳೆಯರಿಗೆ ಈ ಕಾಯಿಲೆ ಹೊಸದಾಗಿ ಬಂದಿತು, ಸುಮಾರು 80 ಸಾವಿರ ಮಂದಿ ಸತ್ತರು. ಸ್ತನ ಕ್ಯಾನ್ಸರನ್ನು ಬಿಟ್ಟರೆ ನಮ್ಮ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ.

ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ, ಮತ್ತು ಅದು ಎಷ್ಟು ಸಾಮಾನ್ಯವೆಂದರೆ ಸಂಸಾರ ಮಾಡಿದ ಹೆಚ್ಚಿನ ಹೆಂಗಸರು, ಗಂಡಸರಿಗೆ ಒಮ್ಮೆಯಾದರೂ ತಗಲಿಯೇ ಇರುತ್ತದೆ. ಹತ್ತರಲ್ಲಿ ಒಂಬತ್ತು ಸಲ ದೇಹ ತಾನಾಗಿಯೇ ಒಂದೆರಡು ವರ್ಷದಲ್ಲಿ ಅದನ್ನು ಹೊರಹಾಕುತ್ತದೆ. ಹೋಗದೆ ಉಳಿದವರಲ್ಲಿ ಜೀವಕೋಶಗಳು ನಿಧಾನವಾಗಿ ಕೆಡುತ್ತಾ ಹೋಗಿ, ಸಾಮಾನ್ಯವಾಗಿ 15ರಿಂದ 20 ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ಎಚ್‌ಐವಿಯಂಥ ಕಾರಣದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ 5ರಿಂದ 10 ವರ್ಷ ಸಾಕು. ಈ ದೀರ್ಘ ಅವಧಿಯೇ ನಮಗೆ ಸಿಗುವ ಅವಕಾಶ. ಕೆಡಲು ಶುರುವಾದದ್ದನ್ನು ಆ ಅವಧಿಯಲ್ಲಿ ಯಾವಾಗ ಹಿಡಿದರೂ ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕಬಹುದು.

ಹಂತ 1: ನಿಮ್ಮ ಮೈಯ ಲೆಕ್ಕ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನಿಮ್ಮ ವಯಸ್ಸು, ಹಿಂದಿನ ಮುಟ್ಟಿನ ಮೊದಲ ದಿನಾಂಕ, ಹೆರಿಗೆಗಳ ಸಂಖ್ಯೆ, ಈವರೆಗೆ ಆದ ಶಸ್ತ್ರಚಿಕಿತ್ಸೆಗಳು, ತೆಗೆದುಕೊಳ್ಳುತ್ತಿರುವ ಔಷಧಗಳು ಇಷ್ಟನ್ನು ಬರೆಯಿರಿ. ಅದರ ಕೆಳಗೆ ಈ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದು ಗುರುತು ಹಾಕಿ: ಗಂಡ-ಹೆಂಡಿರ ಸಂಪರ್ಕದ ನಂತರ ರಕ್ತ ಕಾಣುತ್ತದೆಯೇ? ಎರಡು ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ? ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ಕಾಣಿಸಿಕೊಂಡಿದೆಯೇ? ಕೆಟ್ಟ ವಾಸನೆಯ, ರಕ್ತ ಬೆರೆತ ಬಿಳಿಸೆರಗು ಇದೆಯೇ? ಕೆಳಹೊಟ್ಟೆ, ಸೊಂಟದಲ್ಲಿ ಬಿಡದ ನೋವಿದೆಯೇ?

ಇವುಗಳಲ್ಲಿ ಒಂದಕ್ಕಾದರೂ “ಹೌದು” ಎಂದಿದ್ದರೆ ನೀವು ತಪಾಸಣಾ ಶಿಬಿರಕ್ಕೆ ಕಾಯಬೇಡಿ, ನೇರವಾಗಿ ಸ್ತ್ರೀರೋಗ ವೈದ್ಯರ ಬಳಿ ಹೋಗಿ. ತಪಾಸಣೆ ಇರುವುದು ಲಕ್ಷಣಗಳಿಲ್ಲದವರಿಗೆ. ಲಕ್ಷಣ ಇದ್ದವರಿಗೆ ಬೇಕಾದದ್ದು ರೋಗಪರೀಕ್ಷೆ. ಅದರಲ್ಲೂ ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನು “ಉಷ್ಣ ಹೆಚ್ಚಾಗಿದೆ” ಎಂದು ಕೋಕಮ್ ಪಾನಕ ಕುಡಿದು ತಿಂಗಳುಗಟ್ಟಲೆ ದಾಟಿಸುವುದನ್ನು ನಾನು ನಮ್ಮ ಕಡೆ ಕಂಡಷ್ಟು ಬೇರೆಡೆ ಕಂಡಿಲ್ಲ. ಪಾನಕ ಕುಡಿಯಿರಿ, ಆದರೆ ಆ ವಾರವೇ ವೈದ್ಯರನ್ನೂ ನೋಡಿ. ಹಾಗೆಂದು ಎಲ್ಲ ಬಿಳಿಸೆರಗೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಸಾಮಾನ್ಯ ಸೋಂಕುಗಳು, ಮಾತ್ರೆಯಲ್ಲಿ ಗುಣವಾಗುತ್ತವೆ.

ಯಾವ ಲಕ್ಷಣವೂ ಇಲ್ಲವೆಂದರೆ “ನನಗೇನೂ ಇಲ್ಲ” ಎಂದು ಹಾಳೆ ಮಡಚಬೇಡಿ. ಕ್ಯಾನ್ಸರ್ ಪೂರ್ವದ ಬದಲಾವಣೆ ನೋಯುವುದಿಲ್ಲ, ರಕ್ತ ತೋರಿಸುವುದಿಲ್ಲ.

ಹಂತ 2: ತಪಾಸಣೆಗೆ ಹೋಗುವುದು

ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆಯನ್ನು ಉಚಿತವಾಗಿ ಮಾಡುವ ವ್ಯವಸ್ಥೆ ಇದೆ. ಶುರು ಮಾಡಬೇಕಾದದ್ದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯಿಂದ ಅಥವಾ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಫಲಕ ಹೊತ್ತಿರುವ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯಿಂದ. ಯಾವ ದಿನ, ಎಲ್ಲಿ ಪರೀಕ್ಷೆ ಇದೆಯೆಂದು ಅವರು ಹೇಳುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಲ್ಲದಿದ್ದರೆ ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್, ಅಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಯಾನ್ಸರುಗಳನ್ನು ನೋಡುವ ವಿಭಾಗದಲ್ಲಿ ಕೇಳಿ. ಕಾರವಾರದವರಿಗೆ ವೈದ್ಯಕೀಯ ಕಾಲೇಜಿನ ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಹತ್ತಿರದ್ದು. ಜೋಯಿಡಾ, ಯಲ್ಲಾಪುರದ ಒಳಹಳ್ಳಿಯವರು ಬಸ್ಸು ಹತ್ತುವ ಮೊದಲು ಫೋನು ಮಾಡಿ ಕೇಳುವುದು ಒಳ್ಳೆಯದು; ಪರೀಕ್ಷೆ ಮಾಡುವವರು ರಜೆಯಲ್ಲಿದ್ದರೆ ಇಡೀ ದಿನ ವ್ಯರ್ಥ.

ಮೂರು ಬಗೆಯ ಪರೀಕ್ಷೆಗಳ ಹೆಸರು ನಿಮ್ಮ ಕಿವಿಗೆ ಬೀಳುತ್ತದೆ.

ವಿಐಎ: ಸರ್ಕಾರಿ ವ್ಯವಸ್ಥೆಯಲ್ಲಿ ಹೆಚ್ಚಾಗಿ ನಡೆಯುವುದು ಇದು. ಗರ್ಭಕಂಠಕ್ಕೆ ಶೇ 3ರಿಂದ 5ರಷ್ಟು ತೆಳುವಾದ ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಯ ವಿನೆಗರಿನಲ್ಲಿ ಇರುವ ಆಮ್ಲವನ್ನೇ, ಹತ್ತಿಯಲ್ಲಿ ಸವರಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲೇ ಸಿಗುತ್ತದೆ.

ಪ್ಯಾಪ್ ಸ್ಮಿಯರ್: ಗರ್ಭಕಂಠದ ಮೇಲ್ಪದರದ ಜೀವಕೋಶಗಳನ್ನು ಚಿಕ್ಕ ಕುಂಚದಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ವರದಿಗೆ ಕೆಲವು ದಿನ ಕಾಯಬೇಕು.

ಎಚ್‌ಪಿವಿ ಡಿಎನ್‌ಎ ಪರೀಕ್ಷೆ: ವೈರಸ್ ಇದೆಯೇ ಎಂದು ನೇರವಾಗಿ ಹುಡುಕುವುದು. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯೆಂದು ಹೇಳುವುದು ಇದನ್ನೇ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಒಂದು ಸಲ ಈ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಖಾಸಗಿಯಲ್ಲಿ ದುಬಾರಿ.

ಯಾವುದು ಒಳ್ಳೆಯದೆಂದು ವರ್ಷಗಟ್ಟಲೆ ಯೋಚಿಸುತ್ತ ಕೂರುವುದಕ್ಕಿಂತ ನಿಮ್ಮ ಊರಿಗೆ ಹತ್ತಿರ ಸಿಗುವುದನ್ನು ಈ ತಿಂಗಳು ಮಾಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಒಂದೇ ವಿನಾಯಿತಿ: ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದುಹೋಗುವುದರಿಂದ ವಿಐಎ ಅಷ್ಟು ನಂಬಿಕೆಗೆ ಒಗ್ಗುವುದಿಲ್ಲ, ಅಂಥವರು ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯನ್ನು ಕೇಳಬೇಕು.

ಹೋಗುವ ದಿನವನ್ನು ಮುಟ್ಟು ಶುರುವಾದ ಹತ್ತನೇ ದಿನದಿಂದ ಇಪ್ಪತ್ತನೇ ದಿನದೊಳಗೆ ಇಟ್ಟುಕೊಳ್ಳಿ. ಹಿಂದಿನ ಎರಡು ದಿನ ದಾಂಪತ್ಯ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ-ಮುಲಾಮು ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದೂ ಬೇಡ. ಹೆರಿಗೆಯಾದವರು ಮೂರು ತಿಂಗಳು ಬಿಟ್ಟು ಹೋಗಿ. ಸೀರೆ ಅಥವಾ ಸಡಿಲ ಲಂಗ ಉಟ್ಟರೆ ಪೂರ್ತಿ ಬಟ್ಟೆ ಬಿಚ್ಚುವ ಮುಜುಗರವಿಲ್ಲ. ಪರೀಕ್ಷೆ ಮಾಡುವವರು ಹೆಂಗಸರೇ ಇರಬೇಕೆಂದು ಕೇಳಲು, ಜೊತೆಗೆ ಒಬ್ಬರನ್ನು ಒಳಗೆ ಕರೆದುಕೊಳ್ಳಲು ಸಂಕೋಚ ಬೇಡ. ಯೋನಿಯನ್ನು ಅಗಲಿಸಿ ನೋಡಲು ಬಳಸುವ ಸ್ಪೆಕ್ಯುಲಮ್ ಎಂಬ ಸಾಧನ ಒಳಹೋಗುವಾಗ ತಣ್ಣಗೆ, ಬಿಗಿಯಾಗಿ ತೋರುತ್ತದೆ. ಆಗ ತೊಡೆ ಬಿಗಿ ಹಿಡಿದರೆ ನೋವು ಹೆಚ್ಚು. ಬಾಯಿ ತೆರೆದು ನಿಧಾನವಾಗಿ ಉಸಿರು ಬಿಟ್ಟರೆ ಸ್ನಾಯು ತಾನೇ ಸಡಿಲವಾಗುತ್ತದೆ. ಆಮ್ಲ ಸವರಿದಾಗ ಚುರುಗುಟ್ಟಬಹುದು. ಐದು ನಿಮಿಷದ ಕೆಲಸ.

ಇಲ್ಲಿ ಎಡವುವ ಮೂರು ಕಡೆಗಳಿವೆ. “ಗಂಡ ತೀರಿಕೊಂಡು ಹತ್ತು ವರ್ಷವಾಯಿತು, ನನಗೇಕೆ?” ಎನ್ನುವವರಿಗೂ ತಪಾಸಣೆ ಬೇಕು, ಏಕೆಂದರೆ ವೈರಸ್ ಹತ್ತು-ಹದಿನೈದು ವರ್ಷದ ಹಿಂದಿನದಿರಬಹುದು. “ಗರ್ಭಕೋಶ ತೆಗೆಸಿಯಾಗಿದೆ” ಎನ್ನುವವರು ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ವೈದ್ಯರಿಗೆ ತೋರಿಸಿ ಗರ್ಭಕಂಠವನ್ನೂ ತೆಗೆದಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಉಳಿಸಿದ್ದರೆ ತಪಾಸಣೆ ತಪ್ಪದು. ಇನ್ನು “ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ್ದೇನೆ, ಎಲ್ಲ ಸರಿಯಿದೆ” ಎನ್ನುವವರಿಗೆ ಒಂದು ಮಾತು: ಸ್ಕ್ಯಾನಿಂಗಿನಲ್ಲಿ ಗರ್ಭಕಂಠದ ಆರಂಭದ ಬದಲಾವಣೆ ಕಾಣುವುದಿಲ್ಲ.

ಹಂತ 3: ಫಲಿತಾಂಶವನ್ನು ಓದುವುದು

ನೆಗೆಟಿವ್ ಬಂದರೆ ಮುಂದಿನ ದಿನಾಂಕ ಬರೆದುಕೊಂಡು ಮನೆಗೆ ಬನ್ನಿ. ವಿಐಎ ಆದರೆ ಐದು ವರ್ಷ, ಪ್ಯಾಪ್ ಆದರೆ ಮೂರು ವರ್ಷ, ಎಚ್‌ಪಿವಿ ಪರೀಕ್ಷೆಯಾದರೆ ಕನಿಷ್ಠ ಐದು ವರ್ಷ.

ಪಾಸಿಟಿವ್ ಬಂದಾಗ ಮನೆ ಮಂದಿಗೆಲ್ಲ ಕೈಕಾಲು ಆಡುವುದಿಲ್ಲ. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ. ವಿಐಎ ಪಾಸಿಟಿವ್ ಬಂದವರಲ್ಲಿ ಅನೇಕರಿಗೆ ಬರೀ ಉರಿಯೂತವಿರುತ್ತದೆ. ಮುಂದಿನದು ಕಾಲ್ಪೋಸ್ಕೋಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡುವುದು. ಅಗತ್ಯವಿದ್ದರೆ ಬಯಾಪ್ಸಿ, ಅಂದರೆ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷಿಸುವುದು. ಕ್ಯಾನ್ಸರ್ ಪೂರ್ವದ ಬದಲಾವಣೆ ಎಂದು ಗೊತ್ತಾದರೆ ಆ ಜಾಗವನ್ನಷ್ಟೇ ಶೀತದಿಂದ ಹೆಪ್ಪುಗಟ್ಟಿಸಿ, ಶಾಖದಿಂದ ಸುಟ್ಟು ಅಥವಾ ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗಬಹುದು.

ಎರಡು ತಪ್ಪುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲನೆಯದು, “ಮಕ್ಕಳಾದವಲ್ಲ, ಇನ್ನೇಕೆ ಅದು, ಗರ್ಭಕೋಶವನ್ನೇ ತೆಗೆಸಿಬಿಡಿ” ಎಂಬ ಸಲಹೆ. ನೆರೆಮನೆಯವರಷ್ಟೇ ಅಲ್ಲ, ಕೆಲವೊಮ್ಮೆ ಬಿಳಿಕೋಟಿನವರೂ ಇದನ್ನು ಹೇಳುತ್ತಾರೆ. ಬಯಾಪ್ಸಿ ವರದಿ ಕೈಗೆ ಬರುವ ಮೊದಲು ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಬದಲಾವಣೆ ಸಣ್ಣದಿದ್ದರೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕ್ಯಾನ್ಸರೇ ಆಗಿದ್ದರೆ ಸಾಮಾನ್ಯ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಸಾಲದೆ ಚಿಕಿತ್ಸೆಯ ದಾರಿಯೇ ಕೆಡಬಹುದು. ಎರಡೂ ಕಡೆಯಿಂದ ನಷ್ಟ.

ಎರಡನೆಯದು ಇನ್ನೂ ನಾಜೂಕಿನದು. ಎಚ್‌ಪಿವಿ ಪಾಸಿಟಿವ್ ಎಂದ ಕೂಡಲೇ “ಇದು ಯಾರಿಂದ ಬಂತು?” ಎಂಬ ಪ್ರಶ್ನೆ ಮನೆಯೊಳಗೆ ಹುಟ್ಟುತ್ತದೆ. ಅದಕ್ಕೆ ಯಾವ ಪರೀಕ್ಷೆಯಿಂದಲೂ ಉತ್ತರ ಸಿಗುವುದಿಲ್ಲ. ವೈರಸ್ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು ಆಮೇಲೆ ಕಾಣಿಸಿಕೊಳ್ಳಬಹುದಾದ್ದರಿಂದ, ಇಂದಿನ ವರದಿ ಇಂದಿನ ನಡತೆಗೆ ಸಾಕ್ಷಿಯಲ್ಲ, ನಿಮ್ಮದಕ್ಕೂ ಅಲ್ಲ, ನಿಮ್ಮ ಯಜಮಾನರದಕ್ಕೂ ಅಲ್ಲ. ಜೀವನಪೂರ್ತಿ ಒಬ್ಬರೇ ಸಂಗಾತಿ ಇದ್ದವರಲ್ಲೂ ಇದು ಬರುತ್ತದೆ. ವರದಿ ತರುವ ದಿನ ಇಬ್ಬರೂ ಒಟ್ಟಿಗೆ ವೈದ್ಯರೆದುರು ಕೂತು ಈ ಮಾತನ್ನು ಅವರ ಬಾಯಿಂದಲೇ ಕೇಳಿಸಿಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಅಪರೂಪಕ್ಕೆ ಕ್ಯಾನ್ಸರ್ ಎಂದೇ ಬಂದರೆ ಜಿಲ್ಲೆಯವರು ಹೋಗುವುದು ಹುಬ್ಬಳ್ಳಿ, ಮಣಿಪಾಲ, ಗೋವಾದ ಬಾಂಬೋಳಿ ಅಥವಾ ಬೆಂಗಳೂರಿನ ಕಿದ್ವಾಯಿಗೆ. ಹೊರಡುವ ಮೊದಲು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ, ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಘಟ್ಟ ಇಳಿದು, ಹತ್ತಿ ಮಾಡುವ ಆ ಪ್ರಯಾಣದಲ್ಲಿ ಒಂದು ಕಾಗದ ಮರೆತರೆ ಮತ್ತೊಂದು ಸಲ ಹೋಗಬೇಕು.

ಹಂತ 4: ಮಗಳ ವಯಸ್ಸು, ಡೋಸಿನ ಲೆಕ್ಕ

ಈಗ ಸೂಜಿಯ ವಿಷಯ. “ಇನ್ನೂ ಮೈನೆರೆದಿಲ್ಲ, ಈಗಲೇ ಯಾಕೆ?” ಎಂದು ಕೇಳುವ ಶಿರಸಿ ಸೀಮೆಯ ತಾಯಂದಿರಿಗೆ ನಾನು ತೋಟದ ಉದಾಹರಣೆ ಕೊಡುತ್ತೇನೆ. ಅಡಿಕೆಗೆ ಬೋರ್ಡೊ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಸುತ್ತೀರಿ. ಕೊಳೆ ಬಂದು ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲ. ಲಸಿಕೆಯೂ ಹಾಗೆಯೇ, ವೈರಸ್ ತಗಲುವ ಮೊದಲು ಕೊಡಬೇಕಾದದ್ದು. ಅದು ಈಗಾಗಲೇ ಒಳಹೊಕ್ಕ ಸೋಂಕನ್ನು ಗುಣಪಡಿಸುವುದಿಲ್ಲ. ಜೊತೆಗೆ 9ರಿಂದ 14ರ ವಯಸ್ಸಿನಲ್ಲಿ ದೇಹ ಲಸಿಕೆಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತದೆ.

ಡೋಸಿನ ಲೆಕ್ಕದಲ್ಲಿ ಗೊಂದಲ ಆಗುವುದು ಸಹಜ. ಲಸಿಕೆಯ ಪೆಟ್ಟಿಗೆಯ ಮೇಲಿನ ನಿಯಮದಂತೆ 15 ತುಂಬುವ ಮೊದಲು ಶುರು ಮಾಡಿದರೆ ಎರಡು ಡೋಸ್, ನಡುವೆ ಆರು ತಿಂಗಳು. 15 ತುಂಬಿದ ಮೇಲೆ ಮೂರು ಡೋಸ್: ಮೊದಲನೆಯದು, ಎರಡು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಎಚ್‌ಐವಿ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಎಷ್ಟು ಡೋಸ್ ಎಂಬುದನ್ನು ತಮ್ಮ ವೈದ್ಯರಿಂದಲೇ ತಿಳಿಯಬೇಕು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಿಂದ 9ರಿಂದ 20 ವರ್ಷದವರಿಗೆ ಒಂದೇ ಡೋಸನ್ನೂ ಒಪ್ಪಿದೆ. ಹಾಗಾಗಿ ಸರ್ಕಾರಿ ಅಭಿಯಾನದಲ್ಲಿ ಒಂದೇ ಡೋಸ್ ಕೊಟ್ಟರೆ ಅದು ಅರೆಬರೆ ಕೆಲಸವಲ್ಲ. ಖಾಸಗಿ ವೈದ್ಯರು ಎರಡು ಎಂದರೆ ಅದೂ ಸುಲಿಗೆಯಲ್ಲ.

ಎರಡನೇ ಡೋಸ್ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನೆನಪಾದಾಗ ಹಾಕಿಸಿ. ಅವಸರ ಮಾತ್ರ ಬೇಡ: ಎರಡು ಡೋಸುಗಳ ನಡುವೆ ಐದು ತಿಂಗಳಿಗಿಂತ ಕಡಿಮೆಯಾದರೆ ಮೂರನೆಯದು ಬೇಕಾಗುತ್ತದೆ. ಜೂನಿನಲ್ಲಿ ಶಾಲೆ ಶುರುವಾದಾಗ ಒಂದು, ಡಿಸೆಂಬರಿನಲ್ಲಿ ಇನ್ನೊಂದು ಎಂದಿಟ್ಟುಕೊಂಡರೆ ಲೆಕ್ಕ ಮರೆಯುವುದಿಲ್ಲ. ಅಡಿಕೆ ಕೊಯ್ಲಿನ ಭರದಲ್ಲಿ ಡಿಸೆಂಬರ್ ಕೈತಪ್ಪುವ ಮನೆಗಳವರು ಏಪ್ರಿಲ್ ಮತ್ತು ಅಕ್ಟೋಬರ್ ರಜೆಗಳನ್ನು ಆರಿಸಿಕೊಳ್ಳಬಹುದು.

ಹಂತ 5: ಮನೆಯವರ ಒಪ್ಪಿಗೆ

ನಿರ್ಧಾರ ಒಬ್ಬ ತಾಯಿಯ ಕೈಯಲ್ಲಿರುವ ಮನೆಗಳು ಕಡಿಮೆ. ಯಜಮಾನರು “ವಿಚಾರಿಸೋಣ” ಎನ್ನುತ್ತಾರೆ, ಅತ್ತೆಯವರು “ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?” ಎನ್ನುತ್ತಾರೆ, ಅಷ್ಟರಲ್ಲಿ ಯಾರೋ ವಾಟ್ಸ್‌ಆ್ಯಪಿನಲ್ಲಿ “ಈ ಸೂಜಿಯಿಂದ ಹುಡುಗಿಯರು ಸತ್ತಿದ್ದಾರೆ” ಎಂದು ಕಳಿಸುತ್ತಾರೆ. ಆ ಕೊನೆಯ ಮಾತಿಗೆ ಹಿನ್ನೆಲೆಯಿದೆ, ಅದನ್ನು ತಳ್ಳಿಹಾಕದೆ ತಿಳಿದುಕೊಳ್ಳಿ.

2009ರಲ್ಲಿ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯಡಿ ಈ ಲಸಿಕೆ ಕೊಡಲಾಯಿತು. ಅವರಲ್ಲಿ ಏಳು ಹುಡುಗಿಯರು ಮುಂದೆ ಬೇರೆ ಬೇರೆ ಸಮಯದಲ್ಲಿ ತೀರಿಕೊಂಡರು. 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ಕೀಟನಾಶಕ ಸೇವನೆ, ಮಲೇರಿಯಾ ಮುಂತಾದವು ಕಾರಣಗಳಾಗಿದ್ದು, ಸಾವುಗಳಿಗೆ ಲಸಿಕೆಯ ಸಂಬಂಧ ಇರಲಾರದೆಂದು ತನಿಖಾ ಸಮಿತಿ ಹೇಳಿತು. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ತಪ್ಪು ಬಯಲಾಯಿತು: ತಂದೆತಾಯಿಗಳನ್ನು ಸರಿಯಾಗಿ ಕೇಳದೆ, ಹಾಸ್ಟೆಲಿನ ಹುಡುಗಿಯರಿಗೆ ವಾರ್ಡನ್‌ಗಳ ಸಹಿಯಿಂದಲೇ ಒಪ್ಪಿಗೆ ಪಡೆದಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ನಿಮ್ಮ ಮಗಳು ಹಾಸ್ಟೆಲಿನಲ್ಲಿದ್ದರೆ ಇದರಿಂದ ಕಲಿಯಬೇಕಾದದ್ದು ಇಷ್ಟು: ಶಾಲೆಯಿಂದ ಬರುವ ಒಪ್ಪಿಗೆ ಪತ್ರವನ್ನು ಓದಿ, ಕನ್ನಡದಲ್ಲೇ ಕೇಳಿ ಪಡೆದು, ನೀವೇ ಸಹಿ ಮಾಡಿ.

ಇದೇ ಘಟನೆಯಿಂದ ಯಾರೂ ನಿರೀಕ್ಷಿಸದ ಉಪಕಾರವೂ ಆಯಿತು. ಅದೇ ಸಮಯದಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಎರಡು ಡೋಸ್ ಸಾಕೇ, ಮೂರು ಬೇಕೇ ಎಂಬ ಬೇರೊಂದು ಅಧ್ಯಯನ ನಡೆಯುತ್ತಿತ್ತು. ಆ ಯೋಜನೆಯ ಜೊತೆಗೆ ಇಲ್ಲಿಯೂ ಲಸಿಕೆ ಏಕಾಏಕಿ ನಿಂತದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿ ಉಳಿಯಿತು. ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ, 16 ಮತ್ತು 18ನೇ ಬಗೆಯ ಬಿಡದ ಸೋಂಕಿನಿಂದ ಒಂದು ಡೋಸ್ ಕೂಡ ಸುಮಾರು ಶೇ 95ರಷ್ಟು ರಕ್ಷಣೆ ಕೊಟ್ಟಿದೆಯೆಂದು 2021ರಲ್ಲಿ ಪ್ರಕಟವಾಯಿತು. ಇಂದು ಜಗತ್ತು ಒಂದು ಡೋಸಿನ ಮಾತನಾಡುತ್ತಿರುವುದಕ್ಕೆ ನಮ್ಮ ಆ ಹುಡುಗಿಯರೂ ಕಾರಣ.

ಮಿಕ್ಕ ಪ್ರಶ್ನೆಗಳಿಗೆ ಚುಟುಕಾಗಿ. ಮಕ್ಕಳಾಗುವುದಿಲ್ಲವೇ? ಲಸಿಕೆಯಿಂದ ಬಂಜೆತನ ಬರುತ್ತದೆ ಎನ್ನಲು ಆಧಾರವಿಲ್ಲ. ಲಸಿಕೆಯೇ ಸೋಂಕು ತರುವುದಿಲ್ಲವೇ? ಅದರಲ್ಲಿ ವೈರಸ್ಸಿನ ಹೊರಕವಚದ ನಕಲು ಮಾತ್ರ ಇದೆ, ಜೀವಂತ ವೈರಸ್ ಇಲ್ಲ. ನಿಜಕ್ಕೂ ಕ್ಯಾನ್ಸರ್ ಕಡಿಮೆಯಾಗಿದೆಯೇ? 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ 88ರಷ್ಟು ಕಡಿಮೆ ಕಂಡಿತು. ಮರುವರ್ಷ ಇಂಗ್ಲೆಂಡಿನಲ್ಲಿ 12–13ರಲ್ಲಿ ಪಡೆದವರಲ್ಲಿ ಶೇ 87. ಗಂಡುಮಕ್ಕಳಿಗೆ? ಅವರಿಗೂ ಅನುಮತಿಯಿದೆ, ಆದರೆ ಹಣ ಒಬ್ಬರಿಗಷ್ಟೇ ಸಾಲುವುದಾದರೆ ಮೊದಲು ಮಗಳಿಗೆ ಹಾಕಿಸಿ. “ಇದನ್ನು ಹಾಕಿಸಿದರೆ ಹುಡುಗಿ ಹಾದಿ ತಪ್ಪುತ್ತಾಳೆ” ಎಂಬ ಪಿಸುಮಾತಿಗೆ ನನ್ನ ಬಳಿ ಉತ್ತರವೊಂದೇ: ಹೆಪಟೈಟಿಸ್ ಬಿ ಕೂಡ ಲೈಂಗಿಕ ಸಂಪರ್ಕದಿಂದ ಹರಡುವ ರೋಗ, ಅದರ ಲಸಿಕೆಯನ್ನು ಹುಟ್ಟಿದ ದಿನವೇ ಹಾಕಿಸಿದ್ದೀರಿ.

ಮಗಳಿಗೂ ಹೇಳಬೇಕಲ್ಲ. “ಆಯೀ, ನಂಗೆಂತಕ್ಕೆ ಸೂಜಿ?” ಎಂದು ಅವಳು ಕೇಳಿದರೆ, “ದೊಡ್ಡವಳಾದ ಮೇಲೆ ಬರಬಹುದಾದ ಒಂದು ಕ್ಯಾನ್ಸರನ್ನು ತಡೆಯಲಿಕ್ಕೆ” ಎಂದರೆ ಹತ್ತು ವರ್ಷದವಳಿಗೆ ಸಾಕು. ಮಿಕ್ಕದ್ದು ಅವಳು ಕೇಳಿದಾಗ.

ಹಂತ 6: ಲಸಿಕೆ ಎಲ್ಲಿ, ಯಾವುದು

ಹಣ ಕೊಡುವ ಮೊದಲು ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಕೇಳಿ, ಏಕೆಂದರೆ ಉಚಿತ ಅಭಿಯಾನಗಳ ವಯಸ್ಸಿನ ಮಿತಿ ಮತ್ತು ದಿನಾಂಕ ಬದಲಾಗುತ್ತಿರುತ್ತವೆ. ಖಾಸಗಿಯಲ್ಲಿ ಮಕ್ಕಳ ವೈದ್ಯರು ಮತ್ತು ಸ್ತ್ರೀರೋಗ ವೈದ್ಯರು ಹಾಕುತ್ತಾರೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ ಎಂಬ ಸ್ವದೇಶಿ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಅದು 6, 11, 16, 18 ಎಂಬ ನಾಲ್ಕು ಬಗೆಗಳನ್ನು ತಡೆಯುತ್ತದೆ. ವಿದೇಶಿ ಗಾರ್ಡಸಿಲ್‌ನಲ್ಲಿ ನಾಲ್ಕು ಬಗೆಯದೂ ಒಂಬತ್ತು ಬಗೆಯದೂ ಇವೆ, ಒಂಬತ್ತರದ್ದು ಸ್ವದೇಶಿಯ ಹಲವು ಪಟ್ಟು ದುಬಾರಿ. ಮುಖ್ಯ ಶತ್ರುಗಳಾದ 16 ಮತ್ತು 18 ಎಲ್ಲದರಲ್ಲೂ ಇರುವುದರಿಂದ, ದುಬಾರಿಯದಕ್ಕೆ ಹಣ ಕೂಡಿಸುತ್ತ ಮಗಳ 15 ದಾಟಿಸುವುದು ಜಾಣತನವಲ್ಲ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಹೆಪ್ಪುಗಟ್ಟಲೂ ಬಾರದು, ಬೆಚ್ಚಗಾಗಲೂ ಬಾರದು. ನನಗೆ ಗೊತ್ತಿರುವ ಒಬ್ಬ ತಾಯಿ ಕಡಿಮೆ ದರಕ್ಕೆ ಸಿಕ್ಕಿತೆಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಡೋಸ್ ಕೊಂಡು, ಕರವಸ್ತ್ರದಲ್ಲಿ ಸುತ್ತಿ, ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನಲ್ಲಿ ಶಿರಸಿಗೆ ತಂದರು. ವೈದ್ಯರು ಪೆಟ್ಟಿಗೆ ಮುಟ್ಟಿ ನೋಡಿ ಹಾಕಲು ಒಪ್ಪಲಿಲ್ಲ, ಸರಿಯಾಗಿಯೇ. ಲಸಿಕೆ ಎಲ್ಲಿ ಫ್ರಿಜ್ಜಿನಲ್ಲಿದೆಯೋ ಅಲ್ಲೇ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟು ಹೋಗುವುದರಿಂದ, ಇನ್ವರ್ಟರ್ ಅಥವಾ ಜನರೇಟರ್ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಹಂತ 7: ಸೂಜಿಯ ದಿನ

ಮಗಳು ತಿಂಡಿ ತಿಂದು ಬರಲಿ. ಖಾಲಿ ಹೊಟ್ಟೆಗೆ ತಲೆಸುತ್ತು ಹೆಚ್ಚು. ಮುಟ್ಟಾಗಿದ್ದರೂ ಹಾಕಿಸಬಹುದು, “ಹೊರಗಾಗಿದ್ದಾಳೆ” ಎಂದು ದಿನ ಮುಂದೂಡಬೇಕಿಲ್ಲ. ಹತ್ತನೇ ವರ್ಷದ ಟಿಡಿ, ಅಂದರೆ ಧನುರ್ವಾಯು-ಗಂಟಲಮಾರಿ ಲಸಿಕೆ, ಬಾಕಿಯಿದ್ದರೆ ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು. ಜೋರು ಜ್ವರವಿದ್ದರೆ ಮುಂದೂಡಿ. ಹಿಂದೆ ಯಾವುದೇ ಲಸಿಕೆಗೆ ಅಥವಾ ಯೀಸ್ಟಿಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವುದಿಲ್ಲ.

ಪೆಟ್ಟಿಗೆಯ ಹೆಸರು, ಅವಧಿ ಮುಗಿಯುವ ದಿನಾಂಕ ತೋರಿಸಿ ಎನ್ನಿ. ಸೂಜಿ ಎಡ ತೋಳಿನ ಮೇಲ್ಭಾಗಕ್ಕೆ. ಆದ ಮೇಲೆ 15ರಿಂದ 30 ನಿಮಿಷ ಅಲ್ಲೇ ಕೂರಿಸಿ. ಈ ವಯಸ್ಸಿನ ಮಕ್ಕಳಲ್ಲಿ ಕೆಲವರು ಹೆದರಿಕೆಗೆ ಕಣ್ಣುಕತ್ತಲೆ ಬಂದು ಬೀಳುತ್ತಾರೆ. ಶಾಲೆಯಲ್ಲಿ ಒಬ್ಬಳು ಬಿದ್ದರೆ ಸಾಲಿನಲ್ಲಿ ನಿಂತ ಇನ್ನಿಬ್ಬರಿಗೂ ತಲೆ ಸುತ್ತುತ್ತದೆ. ಮಲಗಿಸಿ ಕಾಲು ಎತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ತೋಳು ಒಂದೆರಡು ದಿನ ನೋಯುತ್ತದೆ, ಸಣ್ಣ ಜ್ವರ, ತಲೆನೋವು ಬರಬಹುದು, ಪ್ಯಾರಾಸಿಟಮಾಲ್ ಸಾಕು. ಮೈಯೆಲ್ಲ ದದ್ದು, ಮುಖ ಊತ, ಉಸಿರು ಕಟ್ಟುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಮರಳಿ. ಇದು ಬಹಳ ಅಪರೂಪ, ಬಂದರೂ ಹೆಚ್ಚಾಗಿ ಆ ಅರ್ಧ ಗಂಟೆಯೊಳಗೇ ಕಾಣಿಸುತ್ತದೆ.

ಹಂತ 8: ದಾಖಲೆ

ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕ ಬರೆದ ಕಾರ್ಡನ್ನು ಮಗಳ ತಾಯಿ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಚೀಲದಲ್ಲಿಡಿ, ಫೋಟೊ ತೆಗೆದು ಯಜಮಾನರಿಗೂ ಕಳಿಸಿ. ಲಸಿಕೆ ಪಡೆದವಳೂ 30 ದಾಟಿದ ಮೇಲೆ ತಪಾಸಣೆಗೆ ಹೋಗಲೇಬೇಕು, ಏಕೆಂದರೆ ಲಸಿಕೆ ಎಲ್ಲ ಅಪಾಯಕಾರಿ ಬಗೆಗಳನ್ನೂ ತಡೆಯುವುದಿಲ್ಲ. ಅದನ್ನು ಕಾರ್ಡಿನ ಹಿಂಬದಿಯಲ್ಲಿ ಈಗಲೇ ಬರೆದಿಟ್ಟರೆ ಮದುವೆಯಾಗಿ ಹೋಗುವಾಗ ಅವಳ ಜೊತೆ ಹೋಗುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಗಳ ಎರಡನೇ ಡೋಸಿನ ದಿನ ಗುರುತು ಹಾಕುವಾಗ, ಹಂತ 1ರ ಹಾಳೆ ಇನ್ನೂ ಖಾಲಿ ಉಳಿದಿದ್ದರೆ, ನಿಮ್ಮ ಮುಂದಿನ ಮುಟ್ಟಿನ ಹತ್ತನೇ ದಿನಕ್ಕೂ ಒಂದು ಸುತ್ತು ಹಾಕಿ, ಆ ದಿನ ಬರುವುದಾಗಿ ಆಶಾ ಕಾರ್ಯಕರ್ತೆಗೆ ಇವತ್ತೇ ಫೋನು ಮಾಡಿ ತಿಳಿಸಿ.